ನಿನ್ನೆ ಹೇಳಿದರೆ ರೊಟ್ಟಿ

ನಮ್ಮ ಸೋದರಮಾವನಷ್ಟು ಇಂಗ್ಲಿಷ್ ವ್ಯಾಕರಣ ಬಲ್ಲವರು ನಾಸಿಕದಲ್ಲಿ ಇನ್ನೊಬ್ಬರಿಲ್ಲ. ಹೀಗೆಂದವರು ಯಾರು? ಅವರೇ!

ಬೀದರ ಕಡೆಯ ಈ ಮಾವ ನಾಸಿಕದ ಕೈಗಾರಿಕಾ ಪ್ರದೇಶವಾದ ಅಂಬಡ್‌ನ ಕಾರ್ಖಾನೆಯಲ್ಲಿ ಫಿಟರ್. ಅತ್ತೆಗೆ ಸಂಭಾಜಿನಗರದ, ಆಗಿನ ಔರಂಗಾಬಾದಿನ, ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ವಾರ್ಡನ್ ಆಗುವ ಆಸೆ. ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಜಗಳ ಗೆಲ್ಲಬಲ್ಲ ಅತ್ತೆಗೆ ಇಂಗ್ಲಿಷ್ ಎಂದರೆ ಬಾಯಿಗೆ ಬೀಗ. ಸಂದರ್ಶನವೋ ಇಂಗ್ಲಿಷಿನಲ್ಲೇ! ಮಾವ ಮನೆಯಲ್ಲಿ ಕಾನೂನು ಹೊರಡಿಸಿದರು: ನಿನ್ನೆ ನಡೆದದ್ದನ್ನು ಇಂಗ್ಲಿಷಿನಲ್ಲಿ ಹೇಳದೆ ಯಾರೂ ಊಟ ಮಾಡಕೂಡದು. ರೊಟ್ಟಿ ಕೈಯಲ್ಲಿ ಹಿಡಿದು ಕೂರಬಹುದು, ಅಷ್ಟೇ. ಕನ್ನಡ ಎಂ.ಎ. ಮುಗಿಸಿ ಅವರ ಮನೆಯಲ್ಲಿದ್ದು ಕೆಲಸ ಹುಡುಕುತ್ತಿದ್ದ ನನಗೂ ವಿನಾಯಿತಿಯಿಲ್ಲ.

"ಯೆಸ್ಟರ್‌ಡೇ ಐ ಗೋ..."

"ವೆಂಟ್! ನಿನ್ನಿ ಮುಗದು ಹೋಗ್ಯದ. ರೊಟ್ಟಿ ಕೆಳಗ ಇಡ್ರಿ, ಎಂ.ಎ. ಸಾಹೇಬ್ರ!"

ಹಸಿದವನಿಗೆ ಯಾವ ಭೂತಕಾಲ, ಹೇಳಿ!

ಮೆನಿ, ಮಚ್ ಪಾಠವೂ ತಟ್ಟೆಯಲ್ಲೇ. "ಎಣಿಸೋದು ಮೆನಿ, ಸುರಿಯೋದು ಮಚ್. ರೊಟ್ಟಿ ಮೆನಿ, ಶೇಂಗಾ ಚಟ್ನಿ ಮಚ್."

"ಮತ್ತ ನಿಮ್ಮ ತ್ರಾಸ, ರೀ?" ಎಂದರು ಅತ್ತೆ.

ಮಾವ ಗಂಭೀರವಾಗಿ ಯೋಚಿಸಿದರು. "ಅದೂ ಸುರಿಯೋದೇ. ಮಚ್!"

ಸಂದರ್ಶನಕ್ಕೆ ಮೂವರೂ ಹೋದೆವು. ಅತ್ತೆ ಒಳಗೆ, ತೆರೆದ ಬಾಗಿಲಾಚೆಯ ಬೆಂಚಿನ ಮೇಲೆ ನಾವು. ಸಾಹೇಬರು, ನಿಮ್ಮ ಬಗ್ಗೆ ಹೇಳಿ ಎಂದರು. ಅತ್ತೆಯಿಂದ ಮಾತಿಲ್ಲ. ಆಗ ಹೊಳೆಯಿತು ನೋಡಿ: ಕೈಯಲ್ಲಿ ರೊಟ್ಟಿಯಿಲ್ಲದೆ ಅವರು ಒಂದು ದಿನವೂ ಇಂಗ್ಲಿಷ್ ಮಾತಾಡಿದವರೇ ಅಲ್ಲ!

ಅತ್ತೆ ಮೆಲ್ಲಗೆ ಚೀಲಕ್ಕೆ ಕೈಹಾಕಿದರು. ದಾರಿಗೆಂದು ಕಟ್ಟಿಕೊಂಡ ಬುತ್ತಿಯಿಂದ ಒಂದು ರೊಟ್ಟಿ ತೆಗೆದು ಹಿಡಿದರು. ಬೀಗ ಕಳಚಿತು!

"ಯೆಸ್ಟರ್‌ಡೇ ಐ ಮೇಡ್ ಮೆನಿ ರೋಟೀಸ್. ಮೈ ಹಸ್ಬೆಂಡ್ ಗೇವ್ ಮೀ ಮಚ್ ಟ್ರಬಲ್..."

ಒಳಗೆಲ್ಲ ನಗು. ಮಾವ ಹೆಮ್ಮೆಯಿಂದ ನನ್ನ ತೊಡೆಗೆ ಗುದ್ದಿದರು: "ಕೇಳಿದೇನು? ಮಚ್ ಅಂದಳು! ಮೆನಿ ಅನಲಿಲ್ಲ!"

ಸಾಹೇಬರೂ ಒಂದು ತುಂಡು ಮುರಿದುಕೊಂಡರೆಂದು ನನ್ನ ನೆನಪು. ಅತ್ತೆ ಇಲ್ಲವೆನ್ನುತ್ತಾರೆ. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಆದರೆ ಕೆಲಸ ಸಿಕ್ಕಿದ್ದು ನಿಜ.

ಅತ್ತೆ ಹಾಸ್ಟೆಲಿನಲ್ಲೇ ಇರಲು ಹೋದ ಮೇಲೆ ರೊಟ್ಟಿ ಬಡಿಯುವುದು ನನ್ನ ಪಾಲಿಗೆ ಬಂತು. ಒಂದು ಸಂಜೆ ಬಡಿಸಿದರೆ, ಮಾವ ರೊಟ್ಟಿ ಹಿಡಿದು ಸುಮ್ಮನೆ ಕೂತಿದ್ದಾರೆ.

"ಪರೀಕ್ಷಾ ಮುಗೀತಲ್ರಿ ಮಾಮಾ, ಊಟ ಮಾಡ್ರಿ."

ಅವರು ಪಕ್ಕದಲ್ಲಿದ್ದ ಫೋನಿನಿಂದ ಕಣ್ಣು ತೆಗೆಯಲಿಲ್ಲ.

"ತಡಿಯೋ. ಆಕೀದು ನಿನ್ನಿ ಇನ್ನಾ ಬಂದಿಲ್ಲ."