‘ಬರ್ತೀನಿ’ ಅಂದರೆ ಯಾವಾಗ?

ನಮ್ಮ ಅತ್ಯಾ ಎದುರು ‘ಬರ್ತೀನಿ’ ಎಂದು ಹೇಳಿ ಹೊರಡುವುದಕ್ಕಿಂತ ಕಳುವು ಮಾಡಿ ಸಿಕ್ಕಿಬೀಳುವುದು ವಾಸಿ! ಪೊಲೀಸರು ನೂರು ಪ್ರಶ್ನೆ ಕೇಳಿ ಯಾವಾಗಲೋ ಒಮ್ಮೆ ಬಿಟ್ಟಾರು. ಅತ್ಯಾ ಕೇಳುವುದು ಒಂದೇ ಪ್ರಶ್ನೆ. ಉತ್ತರ ಬರುವ ತನಕ ಬಿಡುವವರಲ್ಲ.

ಅತ್ಯಾ ಎಂದರೆ ನನ್ನ ಮಾವನವರ ತಂಗಿ, ನಮ್ಮ ಯಜಮಾನರಿಗೆ ಸೋದರತ್ತೆ. ಯಜಮಾನರು ಅತ್ಯಾ ಅನ್ನುತ್ತಾರೆಂದು ನನಗೂ ಅತ್ಯಾ, ಇಡೀ ಊರಿಗೇ ಅತ್ಯಾ. ವಯಸ್ಸು ಎಪ್ಪತ್ತೈದು ದಾಟಿದೆ. ಅಕ್ಕಲಕೋಟ ತಾಲೂಕಿನಲ್ಲಿ, ವಾಗದರಿಯ ಆಚೆಗಿನ ನಮ್ಮ ಹಳ್ಳಿಯಲ್ಲಿ, ನನ್ನ ಭಾವನವರ ತುಂಬಿದ ಸಂಸಾರದ ನಡುವೆ ಇದ್ದಾರೆ. ಅಂದರೆ ತಮ್ಮ ತವರಿನಲ್ಲೇ. ಮದುವೆಯಾದ ಹೊಸದರಲ್ಲಿ ನಾನು ನಮ್ಮ ಅತ್ತೆಯವರನ್ನು, ‘ಅತ್ಯಾ ಯಾಕ್ರಿ ಗಂಡನ ಮನಿಗಿ ಹೋಗಂಗಿಲ್ಲ?’ ಎಂದು ಕೇಳಿದ್ದೆ. ‘ಹಾಲ ಉಕ್ಕಾಕತ್ತಾವ, ನೋಡು’ ಅಂದರು. ಓಡಿಹೋಗಿ ನೋಡಿದರೆ ಒಲೆಯ ಮೇಲೆ ಹಾಲೇ ಇರಲಿಲ್ಲ! ಆಮೇಲೆ ಆ ಮಾತನ್ನು ನಾನು ಎತ್ತಲಿಲ್ಲ.

ನಮ್ಮ ಕಡೆ ಮನೆಯಿಂದ ಹೊರಡುವವರು ‘ಹೋಗ್ತೀನಿ’ ಅನ್ನಬಾರದು. ಹೋಗುವುದು ಹೆಣ ಮಾತ್ರ ಎಂದು ನಮ್ಮವ್ವ ತುಟಿಗೆ ಬಡಿದು ಕಲಿಸಿದ್ದಳು. ಎಲ್ಲಿಗೆ ಹೊರಟರೂ ‘ಬರ್ತೀನಿ’ ಅನ್ನಬೇಕು. ನೆರೆಯ ಮರಾಠಿಯವರೂ ‘ಯೇತೋ’ ಎಂದೇ ಎದ್ದು ಹೋಗುತ್ತಾರೆ. ಇದೆಲ್ಲ ಬಾಯಿಮಾತು, ಯಾರು ಗಂಟು ಕಟ್ಟಿ ಇಟ್ಟುಕೊಳ್ಳುತ್ತಾರೆ? ಅತ್ಯಾ ಇಟ್ಟುಕೊಳ್ಳುತ್ತಾರೆ! ‘ಬರ್ತೀನಿ’ ಅಂದವರಿಗೆ ‘ಯಾವಾಗ?’ ‘ಯೇತೋ’ ಅಂದವರಿಗೆ ‘ಕಧೀ?’ ಎರಡು ಭಾಷೆಯಲ್ಲೂ ತಪ್ಪಿಸಿಕೊಳ್ಳುವ ದಾರಿಯಿಲ್ಲ.

ಒಮ್ಮೆ ಚುನಾವಣೆಗೆ ನಿಂತವರೊಬ್ಬರು ಕೊರಳ ತುಂಬ ಹಾರ ಹಾಕಿಕೊಂಡು ಬಂದು, ಕಾಲು ಮುಟ್ಟಿ, ‘ಬರ್ತೀನಿ ಆಯಿ’ ಅಂದರು. ಅತ್ಯಾ ಗೋಡೆಯ ಕ್ಯಾಲೆಂಡರನ್ನೇ ಕಿತ್ತು ಅವರ ಮುಂದೆ ಹಿಡಿದರು. ಆ ಪುಣ್ಯಾತ್ಮರು ಹನ್ನೆರಡೂ ಹಾಳೆ ತಿರುವಿ ನೋಡಿ, ‘ಇದರಾಗ ಇಲ್ಲ ಆಯಿ’ ಅಂದರು. ಕರೆಂಟಿನ ಮೀಟರ್ ನೋಡಲು ಬರುವವನು ಒಂದು ಸಲ ತಾರೀಖು ಕೊಟ್ಟು ಸಿಕ್ಕಿಬಿದ್ದ. ಅಂದಿನಿಂದ ಮಳೆಯಿರಲಿ, ಬಿಸಿಲಿರಲಿ, ತಿಂಗಳ ಏಳಕ್ಕೆ ಬಾಗಿಲಲ್ಲಿ ಹಾಜರು. ಹೀಗೆ ಹೇಳಿದ ದಿನಕ್ಕೆ ಬರುವ ಮನುಷ್ಯ ಒಂದು ಮನೆಗೆ ಒಬ್ಬನಾದರೂ ಇರುವುದು ದೇವರ ದಯೆಯಲ್ಲವೇ?

ಅತ್ಯಾ ಅವರದು ಇನ್ನೊಂದು ಗುಣ. ಯಾರಿಗೂ ‘ರಿ’ ಹಚ್ಚಿ ಮಾತಾಡುವುದಿಲ್ಲ. ನಮ್ಮ ಸೀಮೆಯಲ್ಲಿ ದಾರಿಗಡ್ಡ ನಿಂತ ಎಮ್ಮೆಗೂ ‘ಸರೀರಿ’ ಅನ್ನುವಷ್ಟು ಮರ್ಯಾದೆ. ಅತ್ಯಾಗೆ ಮಾತ್ರ ಊರ ಲೆಕ್ಕ ಬರೆಯುವ ತಲಾಠಿಯೂ ‘ನೀ’, ಡಾಕ್ಟರೂ ‘ನೀ’, ಮಠದ ಅಯ್ಯನವರಿಗೂ ‘ಬಾ, ಕೂಡು.’ ಗುಡಿಯಲ್ಲಿ ನಿಂತರೆ ‘ಸಿದ್ಧರಾಮಾ, ಕೇಳಾಕತ್ತೀಯೋ ಇಲ್ಲೋ?’ ಒಂದು ದಿನ ನಾನೇ ಧೈರ್ಯ ಮಾಡಿ, ಯಾರಿಗಾದರೂ ಒಮ್ಮೆ ‘ರಿ’ ಅನ್ನಬಾರದೇ ಎಂದು ಕೇಳಿದೆ. ಶೇಂಗಾ ಒಡೆಯುತ್ತಿದ್ದ ಕೈ ನಿಲ್ಲಿಸದೆ, ‘ಇದ್ದದ್ದು ಒಂದ ರಿ. ಅದು ಖರ್ಚ ಆಗ್ಯದ’ ಅಂದರು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು.

ಇನ್ನು ಗಢಿಯ ಸಂಗತಿ. ನಮ್ಮ ಹಳ್ಳಿಯ ನೆತ್ತಿಯ ಮೇಲೆ ಹಳೆಯ ಗಢಿಯೊಂದಿದೆ. ಸಣ್ಣ ಕೋಟೆಯೇ ಅನ್ನಿ. ಕೆಳಗೆ ಕರಿಕಲ್ಲು, ಮೇಲೆ ಬಿಳಿಮಣ್ಣು, ನಾಲ್ಕು ಮೂಲೆಗೆ ನಾಲ್ಕು ಬುರುಜು. ಯಾವ ಸರದಾರ ಕಟ್ಟಿಸಿದನೋ, ಯಾರ ಕೈಯಲ್ಲಿ ಹಾಳಾಯಿತೋ, ಗೊತ್ತಿದ್ದವರಿಲ್ಲ. ಒಳಗೆ ಛಾವಣಿ ಬಿದ್ದ ಕೋಣೆಗಳು, ಅವುಗಳ ನಡುವೆ ಬಾಯಿ ತೆರೆದುಕೊಂಡಿರುವ ಹಗೇವುಗಳು. ಹಿಂದೆ ಜೋಳ ತುಂಬಿಡುತ್ತಿದ್ದ, ನೆಲದೊಳಗಿನ ಆಳದ ಕಣಜಗಳವು. ಮೇ ತಿಂಗಳ ಉರಿಬಿಸಿಲಿನಲ್ಲೂ ಆ ಬಾಯಿಗಳಿಂದ ತಣ್ಣನೆಯ ಉಸಿರು ಬರುತ್ತದೆ. ಬಗ್ಗಿ ನೋಡಿದರೆ, ಕೆಳಗಿನಿಂದ ಯಾರೋ ಕತ್ತೆತ್ತಿ ನೋಡಿದಂತಾಗುತ್ತದೆ. ನಾನು ಒಮ್ಮೆ ಬಗ್ಗಿದ್ದೇನೆ. ಸಾಕು.

ಆ ಗಢಿಯ ಕಥೆಗಳಿಗೆಲ್ಲ ಅತ್ಯಾ ಅವರೇ ವಾರಸುದಾರರು. ಬಡಗಣ ಬುರುಜು ಮೂರು ಸಲ ಕುಸಿಯಿತಂತೆ. ನಾಲ್ಕನೆಯ ಸಲ ಒಬ್ಬ ಬಾಣಂತಿಯನ್ನು ಒಳಗೆ ನಿಲ್ಲಿಸಿ ಕಟ್ಟಿದರಂತೆ. ಇಂದಿಗೂ ಆ ಕಲ್ಲಿನ ಸಂದಿನಿಂದ ಹಾಲಿನಂಥ ನೀರು ಜಿನುಗುತ್ತದೆ, ಕೈಯಿಟ್ಟರೆ ಬೆಚ್ಚಗಿರುತ್ತದೆ. ಹಗೇವಿಗೆ ಇಳಿದ ಅಣ್ಣತಮ್ಮಂದಿರ ಕಥೆ ಇನ್ನೂ ಕಠಿಣ. ಇಳಿದವರು ಇಬ್ಬರು, ಮೇಲೆ ಬಂದವರು ಮೂವರು! ಮೂರೂ ಮುಖ ಒಂದೇ ಥರ. ಯಾರು ಹೆಚ್ಚಿನವನೆಂದು ತಾಯಿಗೂ ಗುರುತು ಹತ್ತಲಿಲ್ಲ, ಮೂವರಿಗೂ ಉಣ್ಣಲು ಬಡಿಸಿದಳು. ‘ಆ ಮೂರನೇದವನ ವಂಶ ಇನ್ನೂ ಊರಾಗ ಅದ. ಹೆಸರು ಹೇಳೂದಿಲ್ಲ’ ಎಂದು ಅತ್ಯಾ ನಮ್ಮ ಯಜಮಾನರ ಕಡೆಗೇ ನೋಡುತ್ತಿದ್ದರು!

ದೆವ್ವಕ್ಕೆ ರಾತ್ರಿಯೇ ಆಗಬೇಕೆಂದು ಹೇಳಿದವರು ಯಾರು? ಅತ್ಯಾ ಲೆಕ್ಕದಲ್ಲಿ ಅಮಾವಾಸ್ಯೆಯ ಮಟಮಟ ಮಧ್ಯಾಹ್ನವೇ ಕೆಟ್ಟ ಹೊತ್ತು. ಮನುಷ್ಯನ ನೆರಳು ಅವನ ಕಾಲಡಿಗೇ ಅಡಗುತ್ತದೆ. ಆಗ ನೆರಳಿದ್ದವರು ಯಾರು, ಇಲ್ಲದವರು ಯಾರು, ಹೇಗೆ ತಿಳಿಯಬೇಕು?

ಆದರೆ ದನಿ ಇಳಿಸಿ, ಸೆರಗು ಹೊದ್ದು ಹೇಳುತ್ತಿದ್ದ ಕಥೆ ಒಂದೇ. ಗಢಿಯ ಸರದಾರನ ಹೆಂಡತಿಯದು. ದಂಡಿಗೆ ಹೊರಟ ಸರದಾರ ದೊಡ್ಡ ಬಾಗಿಲಲ್ಲಿ ನಿಂತು ‘ಬರ್ತೀನಿ’ ಅಂದು ಹೋದ. ಬರಲಿಲ್ಲ. ಬಾಗಿಲ ಬಲಗಡೆಯ ಕತ್ತಲ ಕೋಣೆಯಲ್ಲಿ ಆಕೆ ತಲೆ ಬಾಚಿ, ಹೂ ಮುಡಿದು, ತಾಟು ಬಡಿಸಿಟ್ಟು ಕಾದಳು. ಹೂ ಒಣಗಿತು, ರೊಟ್ಟಿ ಒಣಗಿತು, ಕೊನೆಗೆ ಆಕೆಯೂ ಒಣಗಿದಳು. ಕಾಯುವುದು ಮಾತ್ರ ನಿಲ್ಲಲಿಲ್ಲ. ಅದಕ್ಕೇ ಗಢಿಯಲ್ಲಿ ಲೋಕದ ರೀತಿ ತಿರುಗುಮುರುಗು. ಅಲ್ಲಿಂದ ಹೊರಡುವಾಗ ‘ಹೋಗ್ತೀನಿ’ ಎಂದೇ ಅನ್ನಬೇಕು. ಅಪ್ಪಿತಪ್ಪಿ ‘ಬರ್ತೀನಿ’ ಅಂದರೆ ಆಕೆ ಅದನ್ನು ನಿಜವೆಂದು ಹಿಡಿಯುತ್ತಾಳೆ. ಅಂದವರು ಮತ್ತೆ ಬರುವ ತನಕ ಬಿಡುವುದಿಲ್ಲ.

ಇಪ್ಪತ್ತೆರಡು ವರ್ಷದ ಹಿಂದೆ, ಮದುವೆಯಾಗಿ ಎಂಟನೆಯ ದಿನ, ಅಮಾವಾಸ್ಯೆ ಮಧ್ಯಾಹ್ನ ಅತ್ಯಾ ನನ್ನನ್ನು ಆ ಕೋಣೆಗೆ ದೀಪ ಹಚ್ಚಲು ಕರೆದೊಯ್ದರು. ದಾರಿಯುದ್ದಕ್ಕೂ ಮೂರು ಸಲ ಹೇಳಿದರು: ‘ಹೋಗ್ತೀನಿ ಅನ್ನು. ಮರೀಬ್ಯಾಡ.’ ದೀಪ ಹಚ್ಚಿ ಕೈಮುಗಿದದ್ದಾಯಿತು. ನೀ ಮುಂದೆ ನಡೆ, ಬತ್ತಿ ಸರಿಮಾಡಿ ಬರುತ್ತೇನೆ ಎಂದು ಅವರು ಒಳಗೇ ಉಳಿದರು. ನಾನು ದೊಡ್ಡ ಬಾಗಿಲಿಗೆ ಬಂದು ಹೊಸ್ತಿಲು ದಾಟುವಾಗ, ನೋಡಿ, ನಮ್ಮವ್ವ ಬಡಿದ ಪೆಟ್ಟು ಕೆಲಸ ಮಾಡಿತು. ‘ಬರ್ತೀನ್ರಿ’ ಅಂದುಬಿಟ್ಟೆ!

ಗುಟುರು ಹಾಕುತ್ತಿದ್ದ ಪಾರಿವಾಳಗಳೆಲ್ಲ ಒಮ್ಮೆಲೇ ಸುಮ್ಮನಾದವು. ಆಗ ಕತ್ತಲೊಳಗಿಂದ ಮೆಲ್ಲಗೆ ಒಂದು ದನಿ ಬಂತು. ಮದುಮಗಳ ದನಿ. ‘ಬರ್ರಿ’ ಅಂತು.

ನಾನು ಹೊಸ್ತಿಲಾಚೆ ಜಿಗಿದು ನಿಂತೆ. ಸ್ವಲ್ಪ ಹೊತ್ತಿಗೆ ಅತ್ಯಾ ಹೊರಗೆ ಬಂದರು. ಮುಖ ಬೂದಿಯಂತಾಗಿತ್ತು.

‘ಏನಂದಿ ನೀ ಈಗ?’

‘ಬರ್ತೀನಿ ಅಂದೆ ಅತ್ಯಾ. ಬಾಯಿ ತಪ್ಪಿ ಬಂತ್ರಿ.’

ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ‘ಹಂಗಾದ್ರ ಯಾವಾಗ?’ ಅಂದರು.

ವಿಜ್ಞಾನ ಓದಿದ ನಮ್ಮ ಯಜಮಾನರು, ಅದು ಪ್ರತಿಧ್ವನಿ ಅಂದರು. ‘ಬರ್ತೀನ್ರಿ’ಯ ನಡುವಿನ ಅಕ್ಷರವನ್ನು ಗೋಡೆ ನುಂಗಿದೆ, ‘ಬರ್ರಿ’ ಉಳಿದಿದೆ, ಇಷ್ಟೇ. ಹಾಗಿದ್ದರೆ ನೀವೇ ಹೋಗಿ ಒಮ್ಮೆ ಅಂದು ನೋಡಿರಿ ಅಂದೆ. ತಕ್ಷಣ ಅವರಿಗೆ ಹೊಲದಲ್ಲಿ ಕೆಲಸ ನೆನಪಾಯಿತು. ಹೊಲ ಇದ್ದದ್ದು ಗಢಿಗೆ ಪೂರಾ ವಿರುದ್ಧ ದಿಕ್ಕಿನಲ್ಲಿ!

ಅಂದಿನಿಂದ ಹಳ್ಳಿಗೆ ಹೋದಾಗಲೆಲ್ಲ ಅತ್ಯಾ ಗಢಿಯ ಪರವಾಗಿ ನನ್ನನ್ನು ಕೇಳುತ್ತಲೇ ಬಂದರು. ನಾನೂ ನೆವ ಹೇಳುತ್ತಲೇ ಬಂದೆ. ಬಸಿರು, ಬಾಣಂತನ, ಮಕ್ಕಳ ಪರೀಕ್ಷೆ, ಮಂಡಿನೋವು. ಮಂಡಿನೋವಿಗೂ ಕೈಮುಗಿಯಬೇಕು, ಕಷ್ಟಕಾಲಕ್ಕೆ ಆಗಿಬಂದಿದೆ. ಒಮ್ಮೆ ಅತ್ಯಾ ಸೊಲ್ಲಾಪುರಕ್ಕೆ ನಮ್ಮ ಮನೆಗೇ ಬಂದಾಗ ಅವರ ಮನಸ್ಸು ಬೇರೆಡೆ ತಿರುಗಿಸೋಣವೆಂದು ಕೆರೆಯ ದಂಡೆಯ ದೊಡ್ಡ ಕೋಟೆಗೆ ಕರೆದೊಯ್ದೆ. ಎಷ್ಟೊಂದು ಬುರುಜು, ಎಷ್ಟು ಕತ್ತಲು! ಅತ್ಯಾ ಒಂದು ಸುತ್ತು ಹಾಕಿ, ಬಾಗಿಲ ಟಿಕೇಟಿನ ಕಿಟಕಿಯತ್ತ ಕೈ ತೋರಿಸಿ, ‘ಚೀಟಿ ತಗೊಂಡು ಒಳಗ ಬರೂದಂದ್ರ ಯಾ ದೆವ್ವ ಬರ್ತದ?’ ಅಂದರು.

ನಗುವ ಮಾತಲ್ಲದ್ದೂ ಒಂದಿದೆ. ಅಮಾವಾಸ್ಯೆಯ ದಿನ ಮಧ್ಯಾಹ್ನ ಊಟಕ್ಕೆ ತಾಟು ಇಡುವಾಗ ನಾನು ಒಂದು ಹೆಚ್ಚಿಗೆ ಇಡುತ್ತೇನೆ. ಬೇಕೆಂದು ಅಲ್ಲ. ಎಣಿಸಿಯೇ ಇಡುತ್ತೇನೆ, ಬಡಿಸಲು ಬಂದಾಗ ಒಂದು ಹೆಚ್ಚಾಗಿರುತ್ತದೆ. ಮೊದಮೊದಲು ಯಜಮಾನರು ನಗುತ್ತಿದ್ದರು. ಒಮ್ಮೆ ತಾವೇ ಎಣಿಸಿ ಇಟ್ಟರು. ಅಂದೂ ಒಂದು ಹೆಚ್ಚಾಯಿತು. ಆಮೇಲೆ ನಗಲಿಲ್ಲ. ಫೋನಿನಲ್ಲಿ ಅತ್ಯಾಗೆ ಹೇಳಿದರೆ, ‘ಯಾ ಕಡೆ ಮುಖ ಮಾಡಿ ಕೂಡ್ತಾಳ?’ ಎಂದು ಕೇಳಿದರು. ಆ ವಾರವೆಲ್ಲ ನಾನು ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಲ್ಲಲಿಲ್ಲ!

ಈ ವರ್ಷದ ಮಳೆಗೆ ಗಢಿಯ ಬಡಗಣ ಬುರುಜು ಬಿತ್ತು. ಅತ್ಯಾ ಫೋನು ಮಾಡಿದರು. ದನಿ ಎಂದಿನಂತಿರಲಿಲ್ಲ. ‘ಇನ್ನೊಂದ ಮಳಿ ಬಂದ್ರ ದೊಡ್ಡ ಬಾಗಲಾನೂ ಬೀಳ್ತದ. ಆಮ್ಯಾಲ ಆಕಿ ಎಲ್ಲಿ ನಿಂತ ಕಾಯಬೇಕು?’ ಅಂದರು. ‘ಯಾವಾಗ’ ಎಂದು ಕೇಳುವ ಮೊದಲೇ, ಈ ಅಮಾವಾಸ್ಯೆಗೆ ಬರುತ್ತೇನೆ ಎಂದುಬಿಟ್ಟೆ. ಕೊಟ್ಟ ಮಾತು ಇಪ್ಪತ್ತೆರಡು ವರ್ಷ ಬಾಕಿ ಉಳಿಸಿಕೊಂಡು ದಿನಾ ದೇವರ ಮುಂದೆ ಕೂಡುವುದು ಯಾವ ನ್ಯಾಯ?

ಎಸ್.ಟಿ. ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು, ಅದೂ ದೇವರ ದಯೆ. ಚೀಲದಲ್ಲಿ ಉಡಿ ತುಂಬುವ ಸಾಮಾನು: ಹಸಿರು ಕುಪ್ಪಸದ ಕಣ, ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಷಿಣದ ಬೇರು. ಕಾದ ಹೆಣ್ಣಿಗೆ ಬರಿಗೈಯಲ್ಲಿ ಹೋಗಬಾರದಲ್ಲ. ಆದರೆ ಉಡಿ ತುಂಬುವಾಗ ಹೆಸರು ಹಿಡಿಯಬೇಕು. ಆಕೆಯ ಹೆಸರೇನು? ಹಳ್ಳಿಯಲ್ಲಿ ಇಳಿದವಳೇ, ಪಕ್ಕದ ಮನೆಯ ಕಟ್ಟೆಯ ಮೇಲೆ ಉಣ್ಣೆ ನೂಲುತ್ತ ಕೂತಿದ್ದ ಕುರುಬರ ಮುದುಕಿಯನ್ನು ಕೇಳಿದೆ. ಅತ್ಯಾ ಜೊತೆಗೆ ಆಡಿ ಬೆಳೆದವಳು ಆಕೆ.

‘ಬಾಣಂತಿ ಬುರುಜು ಖರೆ. ಹಗೇವಿನ ಮೂರನೇದಾಂವನೂ ಖರೆ. ಗಂಡಗ ಕಾಯೂ ಹೆಂಗಸು ಯಾರವ್ವಾ? ನಾ ಇಲ್ಲೇ ಹುಟ್ಟಿ ಇಲ್ಲೇ ಮುದುಕಿ ಆಗೀನಿ, ಕೇಳಿಲ್ಲ.’

ಸರದಾರನ ಕಥೆಯನ್ನು ನಾನೇ ಹೇಳಿದೆ. ತಿರುಗುತ್ತಿದ್ದ ಕದಿರು ನಿಂತಿತು. ಮುದುಕಿ ನಮ್ಮ ಮನೆಯ ಕಡೆ ನೋಡಿ ದನಿ ಇಳಿಸಿದಳು.

‘ಅದು ಸರದಾರನ ಕಥಿ ಅಲ್ಲವ್ವಾ. ನಿಮ್ಮ ಅತ್ಯಾನ ಗಂಡ ಮೊದಲ ಪಂಚಮಿ ಹಬ್ಬಕ್ಕ ಆಕಿನ್ನ ತವರಿಗಿ ತಂದ ಬಿಟ್ಟ. ಎಂಟ ದಿನಕ್ಕ ಕರಿಯಾಕ ಬರ್ತೀನಿ ಅಂತ ಗಢಿ ಬಾಗಲದಾಗ ನಿಂತ ಹೇಳಿ ಎಸ್.ಟಿ. ಹತ್ತಿದ. ಯಾ ಎಂಟ ದಿನ ಅಂತ ಹೇಳಲಿಲ್ಲ.’

ಅವನು ಮುಂಬೈಯಲ್ಲಿ ಬೇರೆ ಸಂಸಾರ ಹೂಡಿದನೆಂದು ವರ್ಷಗಳ ಮೇಲೆ ಸುದ್ದಿ ಬಂತಂತೆ. ಅವನು ಬಿಟ್ಟುಹೋದಾಗ ಅತ್ಯಾಗೆ ಹತ್ತೊಂಬತ್ತೋ ಇಪ್ಪತ್ತೋ.

ನಾನು ಅತ್ಯಾ ಮುಂದೆ ಏನೂ ಕೇಳಲಿಲ್ಲ. ಹನ್ನೆರಡಕ್ಕೆ ಇಬ್ಬರೂ ಗಢಿಗೆ ಹೋದೆವು. ಬಿದ್ದ ಬುರುಜಿನ ಕಲ್ಲುಗಳ ನಡುವೆ ನಿಜಕ್ಕೂ ಬೆಳ್ಳಗೆ ನೀರು ನಿಂತಿತ್ತು, ನೋಡದವಳಂತೆ ದಾಟಿದೆ. ಕತ್ತಲ ಕೋಣೆಯ ಮುಂದೆ ಅತ್ಯಾ ನಿಂತು ಒಳಗೆ ಮುಖ ಮಾಡಿ, ‘ನೋಡು, ಬರ್ತೀನಿ ಅಂದಾಕಿ ಬಂದಾಳ’ ಅಂದರು. ದನಿಯಲ್ಲಿ ಒಂದು ಗತ್ತಿತ್ತು. ನಾನು ಉಡಿಯ ಸಾಮಾನು ತೆಗೆದೆ. ಕತ್ತಲಿಗೆ ಉಡಿ ತುಂಬುವುದು ಹೇಗೆ? ‘ಆಕೀ ಪರವಾಗಿ ನೀವು ಹಿಡೀರಿ’ ಅಂದೆ. ಅತ್ಯಾ ಹುಬ್ಬು ಗಂಟಿಕ್ಕಿದರು. ಆಮೇಲೆ, ಏನನ್ನಿಸಿತೋ, ಸೆರಗು ಒಡ್ಡಿದರು. ಅಕ್ಕಿ ಹಾಕುವಾಗ ಒಂದು ಕಾಳೂ ಚೆಲ್ಲದಂತೆ ಎರಡೂ ಕೈಯಲ್ಲಿ ಹಿಡಿದರು.

‘ಆತು. ಈಗ ಹೋಗ್ತೀನಿ ಅನ್ನು. ನಿನಗ ಬಿಡುಗಡಿ.’

ದೊಡ್ಡ ಬಾಗಿಲ ಹೊಸ್ತಿಲ ಮೇಲೆ ಇಬ್ಬರೂ ನಿಂತಿದ್ದೆವು. ಒಳಗೆ ಯಾರೂ ಇರಲಿಲ್ಲ. ನಾನು ಕತ್ತಲಿಗೆ ಮುಖ ಮಾಡಿ, ಈ ಸಲ ಬಾಯಿ ತಪ್ಪದೆ, ಗಟ್ಟಿಯಾಗಿ ‘ಬರ್ತೀನ್ರಿ’ ಅಂದೆ.

‘ಬರ್ತೀನ್ರಿ’ ಅಂತು ಗಢಿ. ನನ್ನದೇ ಒಡಕು ದನಿ. ಒಂದಕ್ಷರವನ್ನೂ ಗೋಡೆ ನುಂಗಿರಲಿಲ್ಲ.

ಅಂದು ಒಳಗೆ ಬತ್ತಿ ಸರಿಮಾಡುತ್ತ ಉಳಿದವರು ಅತ್ಯಾ ಒಬ್ಬರೇ; ‘ಬರ್ರಿ’ ಅಂದದ್ದು ಯಾರು, ಇದ್ದ ಒಂದೇ ‘ರಿ’ ಯಾರಿಗೆ ಖರ್ಚಾಗಿತ್ತು ಎಂಬುದು ನನಗೆ ಆಗ ಹೊಳೆಯಿತು. ಮೆಲ್ಲಗೆ ತಿರುಗಿ ನೋಡಿದೆ. ಅತ್ಯಾ ನನ್ನ ಕಡೆ ನೋಡುತ್ತಿರಲಿಲ್ಲ. ಎಸ್.ಟಿ. ಬರುವ ದಾರಿಯನ್ನು ನೋಡುತ್ತಿದ್ದರು.

ಬಸ್ಸು ಅಲ್ಲೇ, ಗಢಿಯ ಬಾಗಿಲ ಎದುರಿಗೇ ನಿಲ್ಲುತ್ತದೆ. ಹತ್ತುವ ಮುಂಚೆ ಕಾಲು ಮುಟ್ಟಿ ‘ಬರ್ತೀನ್ರಿ ಅತ್ಯಾ’ ಅಂದೆ. ಅಂದು ನಿಂತೆ. ಅವರು ಉಡಿಯ ಗಂಟನ್ನು ಬಿಗಿ ಮಾಡುತ್ತ, ಹಸಿರು ಕಣದ ಅಂಚನ್ನು ಒಳಗೆ ಸೇರಿಸುತ್ತ ನಿಂತಿದ್ದರು. ಕಂಡಕ್ಟರ್ ಬೆಲ್ ಹೊಡೆದ. ಆ ‘ಯಾವಾಗ?’ ಬರಲೇ ಇಲ್ಲ. ಮೆಟ್ಟಿಲ ಮೇಲೆ ಕಾಲಿಟ್ಟವಳು ತಡೆಯಲಾರದೆ ನಾನೇ ತಿರುಗಿ, ‘ಮುಂದಿನ ಅಮಾಸಿಗಿ, ಹನ್ನೆರಡಕ್ಕ’ ಅಂದೆ.

ಅತ್ಯಾ ತಲೆ ಎತ್ತಿದರು.

‘ನಾ ಕೇಳಿದ್ನೇನ?’ ಅಂದರು.