ಖಾಲಿ ಗಾಡಿಗೆ ಮತ್ತೆ ಹೇರುವುದು

ನಮ್ಮ ಮಾವನಿಗೆ ಹಸಿವಾದರೆ ಗಂಜಿಯೇ ಆಗಬೇಕೆಂದಿಲ್ಲ. ಒಂದು ಇಂಗ್ಲಿಷ್ ಪದ ಕೊಟ್ಟರೆ ಸಾಕು! ಅದರ ಅಪ್ಪ ಯಾರು, ಅಜ್ಜ ಯಾರು, ಮೂಲಮನೆ ಯಾವ ದೇಶದಲ್ಲಿ ಎಂದು ಹುಡುಕುತ್ತ ಮಧ್ಯಾಹ್ನ ಕಳೆದುಬಿಡುತ್ತಾರೆ. ಮೂವತ್ತು ವರ್ಷ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದ ಮಾಷ್ಟ್ರು. ಪೆನ್ಶನ್ ಬಂತು, ಚಾಳಿ ಹೋಗಲಿಲ್ಲ.

ಒಮ್ಮೆ ಅವರ ಜೊತೆ ಶಿರಿಯ ಪೇಟೆಯ ಮೊಬೈಲ್ ಅಂಗಡಿಗೆ ಹೋಗಿದ್ದೆ. ಅಂಗಡಿಯ ಬ್ಯಾರಿಯವರು "ರೀಚಾರ್ಜಾ ಮಾಷ್ಟ್ರೇ?" ಎಂದು ಕೇಳಿದ್ದೇ ತಪ್ಪಾಯಿತು.

"ರೀಚಾರ್ಜ್ ಅಂದ್ರೆ ಎಂತ, ಗೊತ್ತುಂಟಾ? ಲ್ಯಾಟಿನ್ನಿನಲ್ಲಿ ಕಾರುಸ್ ಅಂದ್ರೆ ಗಾಡಿ. ಗಾಡಿಗೆ ಹೇರುದು ಚಾರ್ಜ್. ಖಾಲಿಯಾದ ಗಾಡಿಗೆ ಮತ್ತೆ ಹೇರುದು ರೀಚಾರ್ಜ್!"

ಹಿಂದೆ ಐದು ಜನ ಕಾಯುತ್ತಿದ್ದರು.

"ಆಯ್ತು ಮಾಷ್ಟ್ರೇ, ಎಷ್ಟು ದಿನದ ವ್ಯಾಲಿಡಿಟಿ ಹೇರ್ಲಿ?" ಎಂದರು ಅಂಗಡಿಯ ಪುಣ್ಯಾತ್ಮರು.

ಆಮೇಲೆ ಮಾವನ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಕಾರು ನನ್ನದು. ("ಅದೂ ಕಾರುಸಿನ ಸಂತಾನವೇ!" ಎಂದು ಹಿಂದಿನ ಸೀಟಿನಿಂದ ಮಾವ.) ಆಸ್ಪತ್ರೆಯಲ್ಲಿ ನಾಲ್ಕು ಗಂಟೆ ಮಲಗಿಯೇ ಪಕ್ಕದ ಹಾಸಿಗೆಯವನಿಗೆ ಪಾಠ. ಪಾಪ, ಅವನಾದರೂ ಎದ್ದು ಎಲ್ಲಿಗೆ ಓಡಿಯಾನು?

ಒಂದು ದಿನ ಹೋದರೆ ಆ ಹಾಸಿಗೆ ಖಾಲಿ. ಯಾಕೆಂದು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಹೊರಡುವಾಗ ಮಲಯಾಳಿ ನರ್ಸ್ ತನಗೆ ಬರುವ ಅಷ್ಟಿಷ್ಟು ಕನ್ನಡದಲ್ಲಿ "ಮಾಷೇ, ರೀಚಾರ್ಜ್ ಆಯ್ತಾ?" ಎಂದಳು. ಮಾವ ಸುಮ್ಮನಿದ್ದರು. ಪದ ಸಿಕ್ಕಿಯೂ ಮಾವ ಬಾಯಿ ಮುಚ್ಚಿಕೊಂಡದ್ದುಂಟೇ? ನನಗೆ ಹೆದರಿಕೆಯಾಯಿತು.

ಮುಂದಿನ ಸರದಿಯ ಬೆಳಿಗ್ಗೆ ನಾನು ಕಾರು ತಂದರೆ ಮಾವ ಅಂಗಿಯನ್ನೇ ಹಾಕಿಲ್ಲ.

"ಇನ್ನು ನಾನು ಬರುದಿಲ್ಲ."

"ಹೋಗದಿದ್ರೆ ಎಂತಾಗ್ತದೆ ಅಂತ ಗೊತ್ತುಂಟಲ್ಲ ಮಾವ?"

"ಗೊತ್ತುಂಟು ಮಾರಾಯ. ನಾನು ಆ ಪದದ ಒಂದೇ ಬದಿ ನೋಡಿದ್ದು. ಹೇರುದು ಅಂದ್ರೆ ಶಕ್ತಿ ಅಲ್ಲ, ಭಾರ. ಮುರಿದ ಗಾಡಿಗೆ ಎಷ್ಟು ಸಲ ಅಂತ ಹೇರುದು?"

ಆಗ ಒಳಗಿನಿಂದ ಅತ್ತೆ ಇಸ್ತ್ರಿ ಹಾಕಿದ ಅಂಗಿ ಹಿಡಿದುಕೊಂಡು ಬಂದರು. ನಲವತ್ತು ವರ್ಷ ಈ ಪಾಠಗಳಿಗೆಲ್ಲ "ಹೂಂ" ಎನ್ನುತ್ತಲೇ ಬಂದವರು. ಒಂದನ್ನೂ ಕೇಳಿಸಿಕೊಂಡಿಲ್ಲವೆಂದೇ ನಾವೆಲ್ಲ ತಿಳಿದಿದ್ದೆವು.

"ಗಾಡಿ ತನ್ನಷ್ಟಕ್ಕೇ ಹೋಗ್ತದಾ? ಎಳೀಲಿಕ್ಕೆ ನಾನಿಲ್ವಾ? ಭಾರ ಆಯ್ತು ಅಂತ ನಾನು ಯಾವಾಗಾದ್ರೂ ಹೇಳಿದ್ದುಂಟಾ? ಹ್ಞಾಂ, ಕೈ ಎತ್ತಿ."

ಮಾವ ಕೈ ಎತ್ತಿದರು.

ಕಾರಿನಲ್ಲಿ, ಸೂಜಿ ಚುಚ್ಚಿ ಚುಚ್ಚಿ ಗಂಟುಗಂಟಾದ ಆ ಕೈಯನ್ನು ಅತ್ತೆ ತಮ್ಮ ಮಡಿಲಲ್ಲಿ ಇಟ್ಟುಕೊಂಡಿದ್ದರು. ಆಸ್ಪತ್ರೆಯ ದಾರಿಯಲ್ಲಿ ಕುಂಬಳೆ ದಾಟಿದೆವು.

"ಎಷ್ಟು ದಿನ ಎಳೀತಿ ನೀನು?" ಎಂದರು ಮಾವ.

"ವ್ಯಾಲಿಡಿಟಿ ಇರುವಷ್ಟು ದಿನ."

ಮಾವ ಕಿಟಕಿಯ ಹೊರಗೆ ನೋಡುತ್ತ ಸಣ್ಣ ದನಿಯಲ್ಲಿ, "ಅದೂ ಲ್ಯಾಟಿನ್ನೇ. ಮೂಲದಲ್ಲಿ ಬಲ ಅಂತ ಅರ್ಥ" ಎಂದರು.

ಅತ್ತೆ ಎಂದಿನಂತೆ "ಹೂಂ" ಎಂದರು.