ಕೆಂಪು ಸ್ಟೂಲಿನ ಸಂಸತ್ತು

ನಮ್ಮ ಕಾಕನಷ್ಟು ತಲೆ ತಿನ್ನುವ ಮನುಷ್ಯ ಇಡೀ ಅಲ್ ಕೂಜ್ ಲೇಬರ್ ಕ್ಯಾಂಪಿನಲ್ಲಿ ಇನ್ನೊಬ್ಬನಿಲ್ಲ. ಇದ್ದರೆ ದಯವಿಟ್ಟು ನನಗೆ ತೋರಿಸಬೇಡಿ!

ಕಾಕ ನನ್ನ ಸಂಬಂಧಿಯಲ್ಲ. ಉಳ್ಳಾಲದ ಕಡೆಯವರು, ಕಂಪನಿಯ ಹಳೆ ವೆಲ್ಡರ್, ನನ್ನ ಮಂಚದ ಕೆಳಗಿನ ಮಂಚ ಅವರದು. ರೂಮಿನವರೆಲ್ಲ ಫೋನಿನಲ್ಲಿ ಕ್ರಿಕೆಟ್ ನೋಡಿದರೆ ಇವರು ಯಾವುದೋ ದೇಶದ ಸಂಸತ್ತು ನೋಡುತ್ತಾರೆ. ಅಲ್ಲಿ ಒಬ್ಬನನ್ನು ಮಂತ್ರಿ ಮಾಡುವ ಮೊದಲು ಸಂಸದರ ಮುಂದೆ ಕೂರಿಸಿ ಬೆವರು ಬರುವ ತನಕ ಪ್ರಶ್ನೆ ಕೇಳುತ್ತಾರಂತೆ. ಭಾಷೆ ಅರ್ಧ ಅರ್ಥವಾಗುತ್ತದೆ, ಬೆವರು ಪೂರ್ತಿ ಅರ್ಥವಾಗುತ್ತದೆ ಎನ್ನುತ್ತಾರೆ.

ನೋಡಿ ಸುಮ್ಮನಿದ್ದರೆ ಯಾರಿಗೆ ತೊಂದರೆ? ರೂಮಿನಲ್ಲೂ ಶುರು ಮಾಡಿದರು. ಯಾರದ್ದು ಅಡುಗೆ ಪಾಳಿಯೋ ಅವನು ಮೊದಲು ಕೆಂಪು ಸ್ಟೂಲಿನ ಮೇಲೆ ಕೂರಬೇಕು! ನನ್ನನ್ನು ಕೂರಿಸಿ, ಮೀನು ಸಾರಿಗೆ ಉಪ್ಪು ಹೆಚ್ಚಾದರೆ ಯಾರು ಹೊಣೆ ಎಂದು ಕೇಳಿದರು. ಹಸಿದು ತಲೆ ಕೆಟ್ಟಿತ್ತು, ಮೀನು ಎಂದೆ. ಫೇಲ್! ಆ ವಾರ ಪಾತ್ರೆ ತೊಳೆದೆ.

ಆಮೇಲೆ ಹೊಸ ಕ್ಯಾಂಪ್ ಬಾಸ್ ಬಂದ. ನಮ್ಮ ನೀರು, ಕರೆಂಟು, ಏಸಿ ನೋಡಬೇಕಾದವನು. ಮಂಗಳೂರಿನವನೇ, ಮ್ಯಾನೇಜರನ ಭಾಮೈದ. ಬೇರೆ ಅರ್ಹತೆ ಮಾಫಿ, ಅರಬಿಯಲ್ಲಿ ಇಲ್ಲ ಎಂದು. ಜುಲೈ ತಿಂಗಳಲ್ಲಿ ನಮ್ಮ ಏಸಿ ಸತ್ತು ಬಿದ್ದಿತ್ತು, ಗೋಡೆ ಮುಟ್ಟಿದರೆ ದೋಸೆ ಕಾವಲಿ. ಹೇಳಿದರೆ ನಾಳೆ, ನಾಳೆ. ಇಂಥವರನ್ನು ಯಾರನ್ನು ಕೇಳಿ ನೇಮಿಸುತ್ತಾರೆ? ಬೇಯುವವರು ನಾವು, ಆರಿಸುವವರು ಯಾರೋ! ನೆನೆದರೆ ಈಗಲೂ ಮೈ ಉರಿಯುತ್ತದೆ.

ಕೊನೆಗೊಮ್ಮೆ ಅವನು ರೂಮು ನೋಡಲು ಬಂದ. ಕಾಕ ಸ್ಟೂಲು ಒರೆಸಿ ಇಟ್ಟರು. ಅವನು ಮರ್ಯಾದೆ ಮಾಡುತ್ತಿದ್ದಾರೆಂದು ತಿಳಿದು ಕೂತೇಬಿಟ್ಟ.

"ಬಾಸ್, ಮೇಲಿನವರಿಗೆ ನೀವು ಉತ್ತರ ಕೊಡ್ತೀರಿ, ಸರಿ. ಕೆಳಗೆ ಯಾರಿಗೆ ಕೊಡ್ತೀರಿ?"

ಅವನು ನಕ್ಕ.

"ಇವತ್ತು ಇಲ್ಲೇ ಮಲಗ್ತೀರಾ?"

ನಗು ನಿಂತಿತು. ಬೆವರು ಇಳಿಯಿತು. ಎದ್ದು ಹೋದ.

ಆ ವಾರವೇ ಏಸಿ ರಿಪೇರಿಯಾಯಿತು. ಅದೇ ದಿನ ಕಾಕನನ್ನು ಅಬುಧಾಬಿಯ ಅಲ್ ಮೀನಾ ಸೈಟಿಗೆ ಹಾಕಿದರು. ಪ್ರಶ್ನೆ ಕೇಳಿದವರಿಗೆ ಟ್ರಾನ್ಸ್‌ಫರ್, ಉತ್ತರ ಕೊಡದವನಿಗೆ ಕುರ್ಚಿ! ಯಾವ ಊರಿನ ನ್ಯಾಯ ಇದು?

ಮೊನ್ನೆ ನನ್ನನ್ನು ರೂಮ್ ಲೀಡರ್ ಮಾಡಿದರು. ಸುದ್ದಿ ತಿಳಿದು ಕಾಕ ಫೋನ್ ಮಾಡಿದರು.

"ಎಂತ ಮಾರಾಯ, ದೊಡ್ಡ ಜನ ಆದಿಯಂತೆ. ಸ್ಟೂಲಲ್ಲಿ ಕೂತ್ಕೋ."

ಅವರಿಗೆ ಕಾಣುವುದಿಲ್ಲವಲ್ಲ, ನಿಂತೇ ಇರೋಣ ಅಂದುಕೊಂಡೆ. ಕೂತೆ.

"ಏಸಿ ತಂಪು ಬರ್ತಾ ಉಂಟಾ?"

"ಉಂಟು ಕಾಕ."

"ಹಾಗಾದ್ರೆ ನೀನು ಪಾಸ್."

"ಅಲ್ಲಿ ನಿಮ್ಮ ರೂಮಲ್ಲಿ?"

ಆ ಕಡೆ ಹಳೆ ಫ್ಯಾನೊಂದು ಕರಕರ ತಿರುಗುವ ಸದ್ದು ಕೇಳಿಸಿತು.

"ಪ್ರಶ್ನೆ ಕೇಳುವವ ನಾನು ಮಾರಾಯ," ಎಂದರು.